ಚಳಿಗಾಲದ ಸಂಜೆಗೆ ಅವರೆಕಾಳಿನ ಯೂಷ

ಮಾರ್ಗಶಿರ ಕಳೆದು ಪುಷ್ಯಮಾಸ ಕಾಲಿಡುವ ಹೊತ್ತಿಗೆ ನಂದಿಬೆಟ್ಟದ ಸಾಲಿನಿಂದ ಇಳಿದು ಬರುವ ಗಾಳಿ ಚಿಕ್ಕಬಳ್ಳಾಪುರದ ಬೀದಿಗಳನ್ನು ಸಂಜೆ ಏಳಕ್ಕೇ ಬರಿದುಮಾಡುತ್ತದೆ. ಶಿಡ್ಲಘಟ್ಟದಲ್ಲಿ ನಸುಕಿನಲ್ಲೇ ಬಿಸಿನೀರಿನ ತೊಟ್ಟಿಯಲ್ಲಿ ಕೈಯಾಡಿಸಿ ರೇಷ್ಮೆನೂಲು ತೆಗೆಯುವವರು ರಾತ್ರಿಗೆ ಏನಾದರೂ ಬಿಸಿಯಾದುದನ್ನು ಬಯಸುತ್ತಾರೆ. ಚಿಂತಾಮಣಿಯ ರಸ್ತೆಬದಿಯಲ್ಲಿ ಅವರೆಕಾಯಿಯ ರಾಶಿಗಳು ಬಿದ್ದಿರುತ್ತವೆ. ಗೌರಿಬಿದನೂರಿನ ಕಡೆಯ ಹಳ್ಳಿಗಳಲ್ಲಿ ಜಗಲಿಯ ಮೇಲೆ ಕುಳಿತು ಕಾಯಿ ಸುಲಿಯುವ ಹಿರಿಯರನ್ನು ಈಗಲೂ ಕಾಣಬಹುದು. ಇಷ್ಟಾದರೂ ನಮ್ಮ ಚಿಕಿತ್ಸಾಲಯಕ್ಕೆ ಈ ದಿನಗಳಲ್ಲಿ ಬರುವವರು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: "ಅವರೆ ತಿನ್ನಬಹುದೇ? ವಾಯು ಆಗುವುದಿಲ್ಲವೇ?"

ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದು ಪದದ ಉತ್ತರ ಸಾಲದು. ಹಾಗೆ ಒಂದೇ ಪದದಲ್ಲಿ ಉತ್ತರಿಸಿ ನಾವೇ ಒಮ್ಮೆ ತಪ್ಪು ಮಾಡಿದ್ದುಂಟು. ಅದನ್ನು ಮುಂದೆ ಹೇಳುತ್ತೇವೆ. ಮೊದಲು ಈ ಋತುವಿಗೂ ಈ ಕಾಳಿಗೂ ಇರುವ ಸಂಬಂಧವನ್ನು ತಿಳಿಯೋಣ.

ಋತುವೂ ಜಠರಾಗ್ನಿಯೂ

ಮಾರ್ಗಶಿರ ಮತ್ತು ಪುಷ್ಯ ಹೇಮಂತ ಋತು. ಮಾಘ ಮತ್ತು ಫಾಲ್ಗುಣ ಶಿಶಿರ ಋತು. ಹೊರಗಿನ ಚಳಿಯಿಂದಾಗಿ ದೇಹದ ಶಾಖವು ಒಳಗೇ ತಡೆಯಲ್ಪಟ್ಟು ಜಠರಾಗ್ನಿಯು ಬಲಗೊಳ್ಳುತ್ತದೆ ಎಂದು ಆಯುರ್ವೇದದ ಋತುಚರ್ಯೆ ತಿಳಿಸುತ್ತದೆ. ಬೇಸಿಗೆಯಲ್ಲಿ ಜೀರ್ಣವಾಗದ ಗುರು ಆಹಾರವೂ ಈ ಕಾಲದಲ್ಲಿ ಜೀರ್ಣವಾಗುತ್ತದೆ. ವಾಗ್ಭಟಾಚಾರ್ಯರು ಅಷ್ಟಾಂಗ ಹೃದಯದಲ್ಲಿ ಇದರೊಡನೆಯೇ ಒಂದು ಎಚ್ಚರಿಕೆಯನ್ನೂ ನೀಡಿದ್ದಾರೆ. ಹೀಗೆ ಬಲಗೊಂಡ ಅಗ್ನಿಗೆ ತಕ್ಕಷ್ಟು ಇಂಧನ ದೊರೆಯದಿದ್ದರೆ ಅದು ದೇಹದ ಧಾತುಗಳನ್ನೇ ಪಚನಮಾಡತೊಡಗುತ್ತದೆ. ಆದುದರಿಂದ ಚಳಿಗಾಲದಲ್ಲಿ ಬರಿಯ ತಿಳಿಸಾರು, ಬರಿಯ ಗಂಜಿಯಲ್ಲಿ ದಿನ ಕಳೆಯುವುದು ಹಿತವಲ್ಲ. ಸ್ನಿಗ್ಧವಾದ, ಬಿಸಿಯಾದ, ಧಾತುಗಳನ್ನು ಪೋಷಿಸುವ ಆಹಾರ ಬೇಕು.

ನಮ್ಮ ಸೀಮೆಯ ಒಕ್ಕಲುತನವೇ ಇದಕ್ಕೆ ವ್ಯವಸ್ಥೆ ಮಾಡಿಕೊಟ್ಟಿದೆ. ರಾಗಿಹೊಲದ ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಬಿತ್ತುವುದು ಹಳೆಯ ರೂಢಿ. ಹಗಲು ಕಿರಿದಾದಾಗ ಹೂಬಿಡುವುದು ನಾಟಿ ಅವರೆಯ ಸ್ವಭಾವ. ಹೀಗಾಗಿ ಅದರ ಕಾಯಿ ಚಳಿಗಾಲಕ್ಕೇ ಕೈಗೆ ಬರುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹೊರತಂದ ಹೆಬ್ಬಾಳ ಅವರೆ ತಳಿಗಳಿಂದ ಈಗ ವರ್ಷವಿಡೀ ಅವರೆ ದೊರೆಯುತ್ತಿದೆಯಾದರೂ, ಕಾಯಿಯ ಸಿಪ್ಪೆಯ ಮೇಲಿನ ಜಿಡ್ಡಿನಿಂದ ಬರುವ ಆ ಸೊಗಡನ್ನು ಜನ ಇಂದಿಗೂ ಪುಷ್ಯಮಾಸದ ಕಾಯಿಯಲ್ಲೇ ಹುಡುಕುತ್ತಾರೆ.

ಅವರೆಯ ಗುಣಗಳು

ಸಂಸ್ಕೃತದಲ್ಲಿ ಅವರೆಗೆ ನಿಷ್ಪಾವ ಎಂದು ಹೆಸರು. ಭಾವಪ್ರಕಾಶದಲ್ಲಿ ಹೇಳಿರುವಂತೆ ಇದು ಮಧುರ ಮತ್ತು ಕಷಾಯ ರಸವುಳ್ಳದ್ದು, ರೂಕ್ಷ, ಗುರು ಮತ್ತು ಉಷ್ಣ. ವಿಪಾಕದಲ್ಲಿ ಅಮ್ಲ. ಕಫವನ್ನೂ ಊತವನ್ನೂ ತಗ್ಗಿಸುತ್ತದೆ. ವಾತವನ್ನೂ ಪಿತ್ತವನ್ನೂ ಹೆಚ್ಚಿಸುತ್ತದೆ. ಇಲ್ಲಿ ರೂಕ್ಷ ಎಂಬ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ರೂಕ್ಷವೆಂದರೆ ಜಿಡ್ಡಿಲ್ಲದ್ದು, ಒಣಸ್ವಭಾವದ್ದು. ಅವರೆಯ ವಾಯುದೋಷಕ್ಕೆ ಈ ಗುಣವೇ ಮುಖ್ಯ ಕಾರಣ. ಅದಕ್ಕೆ ಪರಿಹಾರ ಸ್ನೇಹದ್ರವ್ಯ, ಎಂದರೆ ತುಪ್ಪ ಅಥವಾ ಎಣ್ಣೆ. ಜೊತೆಗೆ ಶುಂಠಿ, ಜೀರಿಗೆ, ಇಂಗು, ಮೆಣಸಿನಂತಹ ದೀಪನ ಪಾಚನ ದ್ರವ್ಯಗಳು.

ಆಧುನಿಕ ವಿಜ್ಞಾನವು ಇದೇ ಸಂಗತಿಯನ್ನು ಬೇರೆ ಮಾತಿನಲ್ಲಿ ಹೇಳುತ್ತದೆ. ಕಾಳುಗಳಲ್ಲಿ ರ್‍ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳಿವೆ. ಇವನ್ನು ಒಡೆಯುವ ಕಿಣ್ವ ಮನುಷ್ಯನ ಸಣ್ಣಕರುಳಿನಲ್ಲಿ ಇಲ್ಲ. ಅವು ಹಾಗೆಯೇ ದೊಡ್ಡಕರುಳನ್ನು ಸೇರಿ, ಅಲ್ಲಿನ ಸೂಕ್ಷ್ಮಜೀವಿಗಳಿಂದ ಹುದುಗಿ ಅನಿಲವಾಗುತ್ತವೆ. ಕಾಳನ್ನು ನೆನೆಹಾಕಿ ಆ ನೀರನ್ನು ಚೆಲ್ಲಿದರೆ ಈ ಸಕ್ಕರೆಗಳಲ್ಲಿ ಒಂದು ಪಾಲು ಹೊರಹೋಗುತ್ತದೆ. ಸ್ವಲ್ಪಸ್ವಲ್ಪವಾಗಿ ಅಭ್ಯಾಸ ಮಾಡಿದರೆ ಕರುಳೂ ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ವರ್ಷವಿಡೀ ಕಾಳು ಮುಟ್ಟದೆ ಸಂಕ್ರಾಂತಿಯ ದಿನ ಎರಡು ಬಟ್ಟಲು ಅವರೆ ತಿಂದವರಿಗೆ ಹೊಟ್ಟೆ ಉಬ್ಬರಿಸುವುದು ಸಹಜ. ಅದಕ್ಕೆ ಅವರೆಯನ್ನು ದೂರುವುದು ನ್ಯಾಯವಲ್ಲ.

ನಮ್ಮ ಹಿರಿಯ ತಾಯಂದಿರು ಕಾಳನ್ನು ನೆನೆಸಿ, ಒಂದೊಂದನ್ನೇ ಹಿಚುಕಿ, ಸಿಪ್ಪೆ ಕಳಚಿ ಹಿತಕಿದ ಬೇಳೆ ಮಾಡುತ್ತಿದ್ದರು. ತೆಲುಗು ಮನೆಮಾತಿನವರು ಇದನ್ನು ಪಿತಿಕಿಪಪ್ಪು ಎನ್ನುತ್ತಾರೆ. ಸಿಪ್ಪೆಯ ಒಗರೂ ಒರಟು ನಾರೂ ಹೋದ ಮೇಲೆ ಉಳಿಯುವ ಬೇಳೆ ಬಹಳ ಹಗುರ. ಹಲ್ಲಿಲ್ಲದ ಹಿರಿಯರಿಗೂ ಮಂದಾಗ್ನಿಯವರಿಗೂ ಇದೇ ಸೂಕ್ತ.

ನಮ್ಮಿಂದಾದ ತಪ್ಪು

ಹಲವು ವರ್ಷಗಳ ಹಿಂದಿನ ಮಾತು. ಶಿಡ್ಲಘಟ್ಟದ ಸಮೀಪದ ಹಳ್ಳಿಯಿಂದ ಎಪ್ಪತ್ತರ ಆಸುಪಾಸಿನ ಅಜ್ಜಿಯೊಬ್ಬರು ಮಂಡಿನೋವು ಮತ್ತು ಹೊಟ್ಟೆಯುಬ್ಬರಕ್ಕಾಗಿ ಬಂದಿದ್ದರು. ಅವರೆಯ ಕಾಲ. ಹೊರಗೆ ರೋಗಿಗಳ ಸಾಲು. ನಾವು ಔಷಧ ಬರೆದುಕೊಟ್ಟು, "ಕಾಳು ಬಿಟ್ಟುಬಿಡಿ ಅಜ್ಜಿ" ಎಂದು ಹೇಳಿ ಕಳುಹಿಸಿದೆವು. ಎಷ್ಟು ದಿನ ಬಿಡಬೇಕು, ಯಾವ ಕಾಳು ಬಿಡಬೇಕು, ಅದರ ಬದಲಿಗೆ ಏನು ಉಣ್ಣಬೇಕು ಎಂಬ ಯಾವುದನ್ನೂ ಹೇಳಲಿಲ್ಲ.

ಎರಡು ವರ್ಷಗಳ ಬಳಿಕ ಮಗ ಅವರನ್ನು ಮತ್ತೆ ಕರೆತಂದ. ನೆಲದಿಂದ ಏಳಬೇಕಾದರೆ ಗೋಡೆ ಹಿಡಿಯಬೇಕು. ತೊಡೆಯ ಮಾಂಸ ಇಳಿದುಹೋಗಿತ್ತು. ಕೈಯಲ್ಲಿ ಹಿಡಿತವಿರಲಿಲ್ಲ. ಏನು ಊಟ ಮಾಡುತ್ತೀರಿ ಎಂದು ಕೇಳಿದೆವು. ಅನ್ನ, ತಿಳಿಸಾರು, ನೀರುಮಜ್ಜಿಗೆ. ಬೇಳೆ? ಇಲ್ಲ. ಹೆಸರುಕಾಳು? ಇಲ್ಲ. ಏಕೆಂದು ಕೇಳಿದಾಗ ಅವರು ಬೇಸರವಿಲ್ಲದೆ, ಸಹಜವಾಗಿ ಹೇಳಿದರು: "ನೀವೇ ಹೇಳಿದ್ರಲ್ಲ ಸಾಮಿ, ಕಾಳು ಮುಟ್ಟಬ್ಯಾಡ ಅಂತ."

ಅಜ್ಜಿ ನಮ್ಮ ಮಾತನ್ನು ವ್ರತದಂತೆ ಪಾಲಿಸಿದ್ದರು. ಮಾಂಸಾಹಾರವಿಲ್ಲದ ಮನೆ, ಹಾಲೂ ಅಷ್ಟಕ್ಕಷ್ಟೇ. ಅಂತಹ ಊಟದಲ್ಲಿ ಮಾಂಸಧಾತುವಿಗೆ ಪೋಷಣೆ ದೊರೆಯುತ್ತಿದ್ದುದು ಕಾಳು ಬೇಳೆಗಳಿಂದ ಮಾತ್ರ. ಅದನ್ನೂ ನಾವು ನಿಲ್ಲಿಸಿದ್ದೆವು. ವಾಗ್ಭಟರು ಹೇಳಿದ ಇಂಧನವಿಲ್ಲದ ಅಗ್ನಿಯನ್ನು ನಾವು ಅಂದು ಕಣ್ಣಾರೆ ಕಂಡೆವು.

ಚಿಕಿತ್ಸೆಯನ್ನು ಹಂತಹಂತವಾಗಿ ಆರಂಭಿಸಿದೆವು. ಮೊದಲ ವಾರ ಹೆಸರುಬೇಳೆಯ ತೆಳುಕಟ್ಟು. ಮುಂದಿನ ಎರಡು ವಾರ ಅದಕ್ಕೆ ತುಪ್ಪ, ಶುಂಠಿ, ಜೀರಿಗೆ. ತಿಂಗಳಾದ ಮೇಲೆ ತೊಗರಿಬೇಳೆ. ಅನಂತರ ವಾರಕ್ಕೆ ಎರಡು ಸಂಜೆ ಹಿತಕಿದ ಅವರೆಬೇಳೆ. ಜೊತೆಗೆ ಮಂಚದ ಅಂಚಿನಿಂದ ಎದ್ದು ಕೂರುವ ಅಭ್ಯಾಸ, ದಿನಕ್ಕೆ ಹತ್ತು ಸಲ. ಯುಗಾದಿಯ ಹೊತ್ತಿಗೆ ಅವರು ಗೋಡೆ ಹಿಡಿಯದೆ ಏಳುವಂತಾದರು. ಹೊಟ್ಟೆಯುಬ್ಬರ ಪೂರ್ಣ ಹೋಯಿತೆಂದು ಹೇಳಲಾರೆವು. ಆದರೆ ಅದು ಅವರನ್ನು ಕಾಡಲಿಲ್ಲ. ಅಂದಿನಿಂದ ನಾವು ಯಾವ ರೋಗಿಗೂ "ಇದು ಬಿಡಿ" ಎಂದು ಹೇಳಿದ ಮೇಲೆ, "ಇದರ ಬದಲು ಇದನ್ನು ಉಣ್ಣಿ, ಇಷ್ಟು ದಿನ" ಎಂಬುದನ್ನು ಹೇಳದೆ ಕಳುಹಿಸುವುದಿಲ್ಲ.

ಯೂಷವೆಂದರೇನು?

ಕಾಳನ್ನು ಹೆಚ್ಚು ನೀರಿನಲ್ಲಿ ಬೇಯಿಸಿದ ದ್ರವಾಹಾರವೇ ಯೂಷ. ಇಂದಿನವರು ಸೂಪ್ ಎನ್ನುವುದೂ ನಮ್ಮ ಮನೆಗಳಲ್ಲಿ ಕಟ್ಟು ಎನ್ನುವುದೂ ಇದೇ ಜಾತಿಯವು. ಶಾರ್ಙ್ಗಧರ ಸಂಹಿತೆಯಲ್ಲಿ ಒಂದು ಪಲ ದ್ರವ್ಯಕ್ಕೆ ಅರ್ಧ ಕರ್ಷ ಶುಂಠಿ, ಹಿಪ್ಪಲಿಗಳನ್ನು ಸೇರಿಸಿ ಒಂದು ಪ್ರಸ್ಥ ನೀರಿನಲ್ಲಿ ಬೇಯಿಸಬೇಕೆಂದಿದೆ. ಪ್ರಸ್ಥವೆಂದರೆ ಹದಿನಾರು ಪಲ. ಉಪ್ಪು, ಜಿಡ್ಡು, ಖಾರದ್ರವ್ಯಗಳಿಲ್ಲದ ಯೂಷವನ್ನು ಅಕೃತಯೂಷವೆಂದೂ, ಅವು ಸೇರಿದ್ದನ್ನು ಕೃತಯೂಷವೆಂದೂ ಕರೆಯುತ್ತಾರೆ. ಪಂಚಕರ್ಮದ ನಂತರ ರೋಗಿಗೆ ಗಂಜಿಯಿಂದ ಅಕೃತಯೂಷಕ್ಕೆ, ಅಲ್ಲಿಂದ ಕೃತಯೂಷಕ್ಕೆ ಏರಿಸುವ ಕ್ರಮವಿದೆ. ಅಜ್ಜಿಗೆ ನಾವು ಮಾಡಿದ್ದೂ ಅದೇ ಕ್ರಮದ ಗೃಹರೂಪ.

ದೂರದ ಇಟಲಿಯ ಟಸ್ಕನಿ ಸೀಮೆಯ ಜನರಿಗೆ ಅವರ ನೆರೆಯವರು ಇಟ್ಟ ಅಡ್ಡಹೆಸರು 'ಕಾಳು ತಿನ್ನುವವರು' ಎಂಬ ಅರ್ಥದ್ದು. ಅಲ್ಲಿನ ಬಡರೈತರ ಚಳಿಗಾಲದ ಊಟವೆಂದರೆ ಬಿಳಿ ಬೀನ್ಸ್ ಕಾಳು, ಕೋಸಿನ ಜಾತಿಯ ಸೊಪ್ಪು, ಕ್ಯಾರೆಟ್, ಈರುಳ್ಳಿಗಳನ್ನು ಬೇಯಿಸಿ, ಒಣಗಿದ ಬ್ರೆಡ್ಡಿನ ತುಂಡು ಹಾಕಿದ ಗಟ್ಟಿ ಸೂಪ್. ಮಿಕ್ಕಿದ್ದನ್ನು ಮರುದಿನ ಮತ್ತೆ ಕುದಿಸುವುದರಿಂದ ಅದಕ್ಕೆ ರಿಬೊಲ್ಲೀಟ, ಎಂದರೆ 'ಮರಳಿ ಕುದಿಸಿದ್ದು' ಎಂದು ಹೆಸರು. ಬೆಂದ ಕಾಳಿನಲ್ಲಿ ಒಂದು ಪಾಲನ್ನು ಅರೆದು ಅದೇ ಸೂಪಿಗೆ ಸೇರಿಸಿ ಗಟ್ಟಿಮಾಡುತ್ತಾರೆ. ಬಸ್ಸಾರಿಗೆ ಒಂದು ಹಿಡಿ ಬೆಂದ ಕಾಳನ್ನು ಮಸಾಲೆಯೊಡನೆ ರುಬ್ಬುವ ನಮ್ಮ ತಾಯಂದಿರಿಗೆ ಇದರಲ್ಲಿ ಹೊಸತೇನೂ ಕಾಣದು. ಬ್ರೆಡ್ಡಿನ ಜಾಗದಲ್ಲಿ ನಮಗೆ ರಾಗಿಮುದ್ದೆಯಿದೆ. ಧಾನ್ಯದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲ ಕಾಳಿನಲ್ಲಿ ಧಾರಾಳವಾಗಿದೆ. ಕಾಳಿನಲ್ಲಿ ಕಡಿಮೆಯಿರುವ ಮೆಥಿಯೊನಿನ್ ರಾಗಿಯಲ್ಲಿದೆ. ಎರಡೂ ಕೂಡಿದಾಗ ಪ್ರೋಟೀನು ಪರಿಪೂರ್ಣವಾಗುತ್ತದೆ.

ಇಟಲಿಯವರ ತರಕಾರಿ ಸೂಪಿನ ರೀತಿಯನ್ನೂ ನಮ್ಮ ಯೂಷದ ಸಂಸ್ಕಾರವನ್ನೂ ಕೂಡಿಸಿ ನಮ್ಮ ಮನೆಯಲ್ಲಿ ಮಾಡುವ ಕ್ರಮವನ್ನು ಇಲ್ಲಿ ಕೊಡುತ್ತಿದ್ದೇವೆ.

ಬೇಕಾಗುವ ಪದಾರ್ಥಗಳು (ನಾಲ್ವರಿಗೆ)

ಸುಲಿದ ಹಸಿ ಅವರೆಕಾಳು 300 ಗ್ರಾಂ (ಒಣಕಾಳಾದರೆ 150 ಗ್ರಾಂ)
ಈರುಳ್ಳಿ 1, ಕ್ಯಾರೆಟ್ 1, ಟೊಮೆಟೊ 2
ಸಣ್ಣಗೆ ಹೆಚ್ಚಿದ ಎಲೆಕೋಸು 1 ಬಟ್ಟಲು
ಸಬ್ಬಸಿಗೆ ಸೊಪ್ಪು 1 ಹಿಡಿ
ಬೆಳ್ಳುಳ್ಳಿ 6 ಎಸಳು, ಹಸಿಶುಂಠಿ 1 ಅಂಗುಲ
ಜೀರಿಗೆ 1 ಚಮಚ, ಕಾಳುಮೆಣಸು ಅರ್ಧ ಚಮಚ
ಇಂಗು ಮತ್ತು ಅರಿಶಿನ, ಒಂದೊಂದು ಚಿಟಿಕೆ
ತುಪ್ಪ ಅಥವಾ ಕಡಲೆಕಾಯಿ ಎಣ್ಣೆ 3 ಚಮಚ
ಉಪ್ಪು ಮಟ್ಟವಾಗಿ 1 ಚಮಚ
ನೀರು ಒಂದೂಕಾಲು ಲೀಟರು

ಮಾಡುವ ವಿಧಾನ

ಒಣಕಾಳಾದರೆ ಹಿಂದಿನ ರಾತ್ರಿಯೇ ನಾಲ್ಕರಷ್ಟು ನೀರಿನಲ್ಲಿ ನೆನೆಹಾಕಿರಿ. ಬೆಳಿಗ್ಗೆ ಒಮ್ಮೆ ನೀರು ಬದಲಿಸಿರಿ. ಬೇಯಿಸುವ ಮುನ್ನ ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಹತ್ತು ನಿಮಿಷ ಮುಚ್ಚಳವಿಲ್ಲದೆ ಕೊತಕೊತ ಕುದಿಸಿ, ಆ ನೀರನ್ನೂ ಚೆಲ್ಲಿರಿ. ಬಲಿತ ಒಣ ಅವರೆಯಲ್ಲಿ ಇರಬಹುದಾದ ಅಹಿತಕರ ಅಂಶಗಳು ಹೀಗೆ ಮಾಡುವುದರಿಂದ ತಗ್ಗುತ್ತವೆ. ಹಸಿಕಾಳಿಗೆ ಈ ಕೆಲಸವಿಲ್ಲ, ತೊಳೆದರೆ ಸಾಕು.

ಕಾಳು, ಅರಿಶಿನ, ಅರ್ಧ ಚಮಚ ತುಪ್ಪ ಮತ್ತು ಒಂದು ಲೀಟರು ನೀರನ್ನು ಕುಕ್ಕರಿನಲ್ಲಿಟ್ಟು, ಹಸಿಕಾಳಿಗೆ ಎರಡು ಕೂಗು, ನೆನೆದ ಒಣಕಾಳಿಗೆ ಐದಾರು ಕೂಗು ಬರುವವರೆಗೆ ಬೇಯಿಸಿರಿ. ಪಾತ್ರೆಯಲ್ಲಿ ಬೇಯಿಸುವವರು ಹಸಿಕಾಳಿಗೆ ಸುಮಾರು 25 ನಿಮಿಷ ಹಿಡಿಯಬಹುದು. ಬೆರಳಿನ ನಡುವೆ ಒತ್ತಿದರೆ ಕಾಳು ಬೆಣ್ಣೆಯಂತೆ ಮೆತ್ತಗಾಗಬೇಕು. ಗಟ್ಟಿಯುಳಿದರೆ ಮತ್ತೆ ಬೇಯಿಸಿರಿ. ಅರೆಬೆಂದ ಕಾಳೇ ಹೊಟ್ಟೆಯ ತೊಂದರೆಗೆ ದೊಡ್ಡ ಕಾರಣ.

ಇನ್ನೊಂದು ಪಾತ್ರೆಯಲ್ಲಿ ಉಳಿದ ತುಪ್ಪ ಕಾಯಿಸಿ ಜೀರಿಗೆ, ಇಂಗು ಹಾಕಿರಿ. ಜಜ್ಜಿದ ಶುಂಠಿ, ಬೆಳ್ಳುಳ್ಳಿ, ಹೆಚ್ಚಿದ ಈರುಳ್ಳಿ, ಕ್ಯಾರೆಟ್‌ಗಳನ್ನು ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಾಡಿಸಿರಿ. ಇಲ್ಲಿ ಆತುರ ಬೇಡ. ಸೂಪಿನ ರುಚಿಯೆಲ್ಲ ಈ ಹತ್ತು ನಿಮಿಷದಲ್ಲಿದೆ. ಅನಂತರ ಎಲೆಕೋಸು, ಟೊಮೆಟೊ ಸೇರಿಸಿ ಮೆತ್ತಗಾಗುವವರೆಗೆ ಬೇಯಿಸಿರಿ. ಟೊಮೆಟೊವನ್ನಾಗಲಿ ಹುಣಸೆಯನ್ನಾಗಲಿ ಕಾಳಿನೊಡನೆ ಮೊದಲೇ ಹಾಕಬೇಡಿ. ಹುಳಿಯಿದ್ದರೆ ಕಾಳು ಬೇಗ ಬೇಯುವುದಿಲ್ಲ.

ಬೆಂದ ಕಾಳಿನಲ್ಲಿ ಮೂರನೆಯ ಒಂದು ಪಾಲನ್ನು ಹಿಸುಕಿ, ಕಟ್ಟಿನೊಡನೆ ಈ ಪಾತ್ರೆಗೆ ಸೇರಿಸಿರಿ. ಉಳಿದ ಕಾಳನ್ನು ಇಡಿಯಾಗಿಯೇ ಹಾಕಿರಿ. ಬೇಕಾದಷ್ಟು ಬಿಸಿನೀರು ಸೇರಿಸಿ, ಹತ್ತು ನಿಮಿಷ ಕುದಿಸಿ, ಕೊನೆಗೆ ಉಪ್ಪು, ಆಗತಾನೆ ಕುಟ್ಟಿದ ಮೆಣಸು, ಹೆಚ್ಚಿದ ಸಬ್ಬಸಿಗೆ ಸೊಪ್ಪು ಹಾಕಿ ಇಳಿಸಿರಿ. ಸಬ್ಬಸಿಗೆ ವಾತಕಫಹರ, ದೀಪನಕಾರಿ. ಅವರೆಯ ಜೊತೆಗೆ ಅದನ್ನು ಸೇರಿಸಿದ ಹಿರಿಯರ ಜಾಣ್ಮೆ ಮೆಚ್ಚತಕ್ಕದ್ದು. ಈರುಳ್ಳಿ, ಬೆಳ್ಳುಳ್ಳಿ ಬಳಸದವರು ಅವನ್ನು ಬಿಟ್ಟು ಶುಂಠಿ, ಇಂಗುಗಳನ್ನು ಸ್ವಲ್ಪ ಹೆಚ್ಚಿಸಬಹುದು.

ಸಂಜೆ ಏಳರಿಂದ ಏಳೂವರೆಯೊಳಗೆ, ಒಂದು ಸಣ್ಣ ರಾಗಿಮುದ್ದೆ ಅಥವಾ ರಾಗಿರೊಟ್ಟಿಯೊಡನೆ ಬಿಸಿಯಾಗಿ ಸೇವಿಸಿರಿ. ಊಟಕ್ಕೂ ನಿದ್ರೆಗೂ ನಡುವೆ ಎರಡು ಗಂಟೆಯ ಬಿಡುವಿರಲಿ. ಮಿಕ್ಕಿದ್ದನ್ನು ಇಟಲಿಯವರಂತೆ ಮರುದಿನಕ್ಕೆ ಇಡಬೇಕೆನ್ನುವವರು ಎರಡು ಗಂಟೆಯೊಳಗೆ ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು, ಮರುದಿನ ಚೆನ್ನಾಗಿ ಕುದಿಸಿಯೇ ಬಳಸಬೇಕು. ಒಲೆಯ ಬಳಿ ರಾತ್ರಿಯಿಡೀ ಬಿಟ್ಟ ತಂಗಳು ಬೇಡ.

ನೀರಿನ ವಿಷಯದಲ್ಲಿ ಎಚ್ಚರ

"ಎಷ್ಟು ಬೇಯಿಸಿದರೂ ಕಾಳು ಬೇಯುವುದಿಲ್ಲ" ಎಂಬ ದೂರು ನಮ್ಮ ಜಿಲ್ಲೆಯಲ್ಲಿ ಸಾಮಾನ್ಯ. ಕೆಲವು ಸಲ ಕಾಳು ಹಳತಾಗಿರುತ್ತದೆ. ಬಹಳ ಸಲ ಕೊಳವೆಬಾವಿಯ ಗಡಸುನೀರೇ ಕಾರಣ. ನೀರಿನಲ್ಲಿರುವ ಸುಣ್ಣದಂಶ ಕಾಳಿನ ಸಿಪ್ಪೆಯನ್ನು ಗಟ್ಟಿಮಾಡುತ್ತದೆ. ಇದಕ್ಕಾಗಿ ಅಡುಗೆಸೋಡ ಹಾಕುವ ರೂಢಿ ಬೆಳೆದಿದೆ. ಸೋಡದಿಂದ ಕಾಳು ಬೇಗ ಬೇಯುತ್ತದೆ ನಿಜ. ಆದರೆ ಕಾಳಿನಲ್ಲಿರುವ ಥಯಮಿನ್ ಎಂಬ ಬಿ-1 ಜೀವಸತ್ವ ನಾಶವಾಗುತ್ತದೆ, ಸೋಡಿಯಂ ಹೆಚ್ಚುತ್ತದೆ.

ಇನ್ನೂ ಮುಖ್ಯವಾದುದು ಫ್ಲೋರೈಡ್. ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಅನೇಕ ಕೊಳವೆಬಾವಿಗಳಲ್ಲಿ ಇದು ಮಿತಿಮೀರಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ಮಾನದಂಡ. ಕುದಿಸಿದರೆ ಫ್ಲೋರೈಡ್ ಹೋಗುತ್ತದೆಂದು ಕೆಲವರು ನಂಬಿದ್ದಾರೆ. ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಏರುತ್ತದೆ. ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುವ ಮನೆಯವರು ಅಡುಗೆಗೆ ಮಾತ್ರ ಕೊಳವೆಬಾವಿಯ ನೀರು ಬಳಸುವುದನ್ನು ನಾವು ಕಂಡಿದ್ದೇವೆ. ನೆನೆಯುವಾಗಲೂ ಬೇಯುವಾಗಲೂ ಕಾಳು ತುಂಬ ನೀರು ಹೀರುತ್ತದೆ. ಸೂಪಿನಲ್ಲಿ ಉಳಿದ ನೀರನ್ನೂ ನಾವೇ ಕುಡಿಯುತ್ತೇವೆ. ಆದುದರಿಂದ ಕಾಳು ನೆನೆಸುವುದಕ್ಕೂ ಬೇಯಿಸುವುದಕ್ಕೂ ಘಟಕದ ನೀರನ್ನೇ ಬಳಸಿರಿ. ತೊಳೆಯಲು ಬೇರೆ ನೀರು ಸಾಕು. ಸೋಡದ ಅಗತ್ಯವೂ ತಾನಾಗಿ ತಪ್ಪುತ್ತದೆ.

ಅವರೆಯ ಬದಲು ಬೇರೆ ಕಾಳು

ಅವರೆ ದೊರೆಯದ ದಿನಗಳಲ್ಲಿ ಅಲಸಂದೆ, ಹೆಸರುಕಾಳು ಬಳಸಬಹುದು. ಕೆಮ್ಮು, ಕಫ, ಉಬ್ಬಸದ ಪ್ರಕೃತಿಯವರಿಗೆ ಹುರುಳಿಕಟ್ಟು ಹಿತಕರ. ಆದರೆ ಅದು ಬಹಳ ಉಷ್ಣ. ಪಿತ್ತಪ್ರಕೃತಿಯವರು ಮತ್ತು ರಕ್ತಸ್ರಾವದ ತೊಂದರೆಯುಳ್ಳವರು ದೂರವಿರಬೇಕು.

ಕೆಂಪು ರಾಜ್ಮಾದ ಬಗ್ಗೆ ವಿಶೇಷ ಎಚ್ಚರಿಕೆ. ಹಸಿಯಾದ ಅಥವಾ ಅರೆಬೆಂದ ರಾಜ್ಮಾದಲ್ಲಿ ಲೆಕ್ಟಿನ್ ಜಾತಿಯ ವಿಷಾಂಶವಿದೆ. ನಾಲ್ಕೈದು ಕಾಳು ಸಾಕು, ಒಂದರಿಂದ ಮೂರು ಗಂಟೆಯೊಳಗೆ ತೀವ್ರ ವಾಂತಿ, ಭೇದಿ ಆರಂಭವಾಗಬಹುದು. ಕನಿಷ್ಠ ಐದು ಗಂಟೆ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಬೇಕು ಅಥವಾ ಕುಕ್ಕರಿನಲ್ಲಿ ಬೇಯಿಸಬೇಕು. ನಿಧಾನವಾಗಿ ಕಡಿಮೆ ಶಾಖದಲ್ಲಿ ಬೇಯಿಸುವ ವಿದ್ಯುತ್ ಪಾತ್ರೆಗಳಲ್ಲಿ ಹಸಿ ರಾಜ್ಮಾವನ್ನು ನೇರವಾಗಿ ಹಾಕಲೇಬಾರದು.

ಯಾರು ಜಾಗ್ರತೆ ವಹಿಸಬೇಕು?

ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ಕಾಳಿನ ಪ್ರೋಟೀನು ಮತ್ತು ಪೊಟ್ಯಾಸಿಯಂ ಭಾರವಾಗಬಹುದು. ಅವರು ತಮ್ಮ ವೈದ್ಯರನ್ನು ಕೇಳಿಯೇ ಸೇವಿಸಬೇಕು. ಸಕ್ಕರೆ ಕಾಯಿಲೆಯವರಿಗೆ ಈ ಸೂಪ್ ಒಳ್ಳೆಯದೇ. ಆದರೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಮುದ್ದೆಯನ್ನು ಪೂರ್ತಿ ಬಿಟ್ಟು ಬರಿಯ ಸೂಪ್ ಕುಡಿದು ಮಲಗಬಾರದು, ಸಕ್ಕರೆ ತೀರ ಇಳಿಯುವ ಸಂಭವವಿದೆ. ರಕ್ತದೊತ್ತಡವುಳ್ಳವರು ಉಪ್ಪನ್ನು ಅರ್ಧಕ್ಕಿಳಿಸಿ ನಿಂಬೆರಸದಿಂದ ರುಚಿ ತುಂಬಿಕೊಳ್ಳಲಿ. ಆಮ್ಲಪಿತ್ತದವರು ಮೆಣಸು, ಟೊಮೆಟೊ ತಗ್ಗಿಸಲಿ. ಬಾಣಂತಿಯರು ಮೊದಲ ವಾರಗಳಲ್ಲಿ ಹೆಸರುಬೇಳೆಯ ಯೂಷದಿಂದ ಆರಂಭಿಸುವುದು ಲೇಸು.

ಹೊಸದಾಗಿ ಅಭ್ಯಾಸ ಮಾಡುವವರು ಮೊದಲ ವಾರ ಎರಡು ಸಂಜೆ, ಅರ್ಧ ಬಟ್ಟಲಿನಂತೆ, ಹಿತಕಿದ ಬೇಳೆಯಿಂದ ಮಾಡಿ ಸೇವಿಸಿರಿ. ಮೂರನೆಯ ವಾರಕ್ಕೆ ಇಡೀ ಕಾಳಿಗೆ ಬನ್ನಿರಿ. ಕಾಳು ತಿಂದ ಕಾರಣವಲ್ಲದೆ ದಿನವೂ ಹೊಟ್ಟೆಯುಬ್ಬರ, ತೂಕ ಇಳಿಯುವುದು, ಮಲದಲ್ಲಿ ರಕ್ತ ಕಾಣುವುದು ಇದ್ದರೆ ಅದನ್ನು ವಾಯುವೆಂದು ತಳ್ಳಿಹಾಕದೆ ತಪಾಸಣೆ ಮಾಡಿಸಬೇಕು.

ಮನೆಯಲ್ಲಿ ವಯಸ್ಸಾದವರಿದ್ದರೆ ಇಂದು ಸಂಜೆಯೇ ಅವರ ತಟ್ಟೆಯನ್ನೊಮ್ಮೆ ನೋಡಿರಿ. ಅನ್ನ, ತಿಳಿಸಾರುಗಳಲ್ಲೇ ಅವರ ಊಟ ಮುಗಿಯುತ್ತಿದೆಯೇ? ಎಂದೋ ಯಾವ ವೈದ್ಯರೋ ಬೇಡವೆಂದದ್ದನ್ನು ಇನ್ನೂ ಪಾಲಿಸುತ್ತಿದ್ದಾರೆಯೇ? ಕೇಳಿ ತಿಳಿಯಿರಿ. ಕಾಳು ಸುಲಿಯಲು ಅವರ ಜೊತೆ ಜಗಲಿಯ ಮೇಲೆ ಕುಳಿತರೆ ಆ ಮಾತು ತಾನಾಗಿ ಬರುತ್ತದೆ.